ನೊರೆ

ಫೆಬ್ರವರಿ 6

ಪಾರ್ಲರಿನ ಗಿರಾಕಿಗಳ ಸಮಯ ಬರೆದುಕೊಳ್ಳಲು ಕೊಂಡ ಡೈರಿ ಇದು. ಗಿರಾಕಿಗಳು ಕಡಿಮೆಯಾಗಿ ಹಾಳೆಗಳು ಖಾಲಿ ಉಳಿದಿವೆ. ನನ್ನದೋ ಸುಮ್ಮನಿರುವ ಬಾಯಲ್ಲ. ಮನೆಯಲ್ಲಿ ಆಡಿದರೆ ಜಗಳ, ಅಂಗಡಿಯಲ್ಲಿ ಆಡಿದರೆ ವ್ಯಾಪಾರಕ್ಕೆ ಪೆಟ್ಟು. ಇಲ್ಲಿ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಬೆನ್ನಿಗೆ ಸೂಜಿ ಚುಚ್ಚಿ ಕಿಡ್ನಿಯ ಚೂರು ತೆಗೆದಿದ್ದರಲ್ಲ, ಅದರ ಫಲಿತಾಂಶವನ್ನು ಡಾಕ್ಟರು ಇವತ್ತು ಹೇಳಿದರು. ಲೂಪಸ್ ಕಿಡ್ನಿಗೆ ಇಳಿದಿದೆ. ಇಷ್ಟು ದಿನ ಕೀಲುನೋವು, ಕೂದಲು ಉದುರುವುದು, ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗುವುದು ಎಂದು ಹೊರಗೇ ಆಟ ಆಡಿಸುತ್ತಿದ್ದ ಕಾಯಿಲೆ ಈಗ ಒಳಗೆ ಕೈ ಹಾಕಿದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಮೈಯನ್ನು ಹೊಡೆಯುತ್ತಿದೆ ಎಂದು ಬಿಡಿಸಿ ಹೇಳಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕಿಡ್ನಿಯ ಜರಡಿ ಹರಿದು, ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಹೋಗುತ್ತಿದೆಯಂತೆ.

"ಮೂತ್ರದಲ್ಲಿ ನೊರೆ ಬರ್ತಿತ್ತಾ?" ಎಂದು ಕೇಳಿದರು.

ಬರುತ್ತಿತ್ತು. ತಿಂಗಳುಗಟ್ಟಲೆ ಬರುತ್ತಿತ್ತು. ಅತ್ತೆ ಕಮೋಡು ಉಜ್ಜಿ ಸರಿಯಾಗಿ ನೀರು ಹಾಕುತ್ತಿಲ್ಲ, ಇದು ಸೋಪಿನ ನೊರೆ ಎಂದು ನಾನು ದಿನಾ ಬೆಳಿಗ್ಗೆ ಕೂಗಾಡುತ್ತಿದ್ದೆ. ಕ್ಯಾಂಟೀನಿನಲ್ಲಿ ಅಷ್ಟು ಜನಕ್ಕೆ ಅಡುಗೆ ಮಾಡಿ ಹಾಕಿದವರಿಗೆ ಒಂದು ಕಮೋಡು ತೊಳೆಯಲು ಬರುವುದಿಲ್ಲವೇ ಎಂದು ಹಂಗಿಸುತ್ತಿದ್ದೆ. ಅವರು ಹೋಗಿ ಇನ್ನೆರಡು ಬಕೆಟ್ ಸುರಿದು ಬರುತ್ತಿದ್ದರು. ಮರುದಿನ ಮತ್ತೆ ನೊರೆ, ಮತ್ತೆ ಬೈಗುಳ.

ಡಾಕ್ಟರ ಎದುರು ಗಂಡ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಅತ್ತೆಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಕಮೋಡು ಹೇಗೂ ಹೊಳೆಯುತ್ತಿದೆ, ಯಾರಿಗೂ ನಷ್ಟವಾಗಿಲ್ಲ.

ಮಾತ್ರೆ ತಪ್ಪಿಸದೆ, ಉಪ್ಪು ಮುಟ್ಟದೆ ಇದ್ದರೆ ಕಿಡ್ನಿ ಉಳಿಯುತ್ತದೆ, ಇಲ್ಲದಿದ್ದರೆ ಡಯಾಲಿಸಿಸ್ ಎಂದರು. ಆ ಕೊನೆಯ ಶಬ್ದ ಬಂದಾಗ ದನಿ ತಗ್ಗಿಸಿದರು. ದನಿ ತಗ್ಗಿಸಿದ್ದಕ್ಕೇ ನನಗೆ ಹೆದರಿಕೆಯಾಯಿತು.

ಫೆಬ್ರವರಿ 9

ಅತ್ತೆ ಸ್ಟೂಲು ಹತ್ತಿ, ಮಂಡಿ ನಡುಗಿಸುತ್ತ, ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು.

ಈ ಹೆಂಗಸಿನ ವಿಷಯ ಒಂದಿಷ್ಟು ಬರೆದಿಡುತ್ತೇನೆ. ಮಾವ ಸತ್ತ ಮೇಲೆ ಕಾರ್ಖಾನೆಯ ಕ್ಯಾಂಟೀನಿಗೆ ಪಾತ್ರೆ ತೊಳೆಯಲು ಸೇರಿ, ಅಲ್ಲೇ ಮುಖ್ಯ ಅಡುಗೆಯವರಾಗಿ ನಿವೃತ್ತರಾದವರು. ಅಲ್ಲಿ ಇವರ ಹೆಸರು ದೊಡ್ಡಸೌಟು. ತೊಟ್ಟಿಯಂಥ ಪಾತ್ರೆಗೆ ಉಪ್ಪನ್ನು ಬೊಗಸೆಯಲ್ಲಿ ಹಾಕಿ, ನಾಲಿಗೆಗೆ ಮುಟ್ಟಿಸಿಯೂ ನೋಡದೆ ಬಡಿಸಲು ಕಳಿಸುತ್ತಿದ್ದರಂತೆ, ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲವಂತೆ. ಈ ಅಂತೆಕಂತೆಗಳನ್ನು ಮದುವೆಯಾದ ದಿನದಿಂದ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಬಾಯಲ್ಲಿ ಅತ್ತೆ ಎನ್ನುತ್ತೇನೆ, ಮನಸ್ಸಿನಲ್ಲಿ ದೊಡ್ಡಸೌಟು.

ಕ್ಯಾಂಟೀನಿನಿಂದ ತಂದ ಇನ್ನೊಂದು ಚಾಳಿಯೂ ಇದೆ. ಕೊನೆಯ ಕೆಲಸಗಾರ ಉಂಡು ಕೈ ತೊಳೆಯುವವರೆಗೆ ಅಡುಗೆ ಮಾಡಿದವರು ಕೂರಬಾರದಂತೆ. ಮನೆಯಲ್ಲೂ ಹಾಗೇ. ನಾವಿಬ್ಬರೂ ಎದ್ದು ನಲ್ಲಿ ತಿರುಗಿಸಿದ ಸದ್ದು ಕೇಳಿದ ಮೇಲೆಯೇ ಅಡುಗೆಮನೆಯಲ್ಲಿ ಅವರ ತಟ್ಟೆಯ ಸದ್ದು.

ಇನ್ನು ಮನೆಗೆಲ್ಲ ಒಂದೇ ಪಾತ್ರೆ, ಉಪ್ಪಿಲ್ಲದ್ದು. ಮಗನಿಗೆ ಮಾತ್ರ ಉದುರಿಸಿಕೊಳ್ಳಲು ಪುಟ್ಟ ಕುಪ್ಪಿ. ಅವರೂ ಸಪ್ಪೆಯನ್ನೇ ತಿನ್ನುತ್ತಾರೆ. ನನ್ನನ್ನು ನಾಚಿಸಲು ಮಾಡುವ ನಾಟಕ ಇದು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ತಾಯಿ ಹೋಗಿ ಎಷ್ಟೋ ವರ್ಷವಾಯಿತು. ಈಗ ಉಪ್ಪೂ ಹೋಯಿತು. ನನ್ನ ಪಾಲಿಗೆ ಉಳಿದದ್ದು ಅತ್ತೆ.

ಫೆಬ್ರವರಿ 23

ಪಾರ್ಲರಿನ ಮೂರು ಗೋಡೆಗೂ ಕನ್ನಡಿ. ಸಾಲ ಮಾಡಿ ಹಾಕಿಸಿದ್ದೆ. ಈಗ ಎತ್ತ ತಿರುಗಿದರೂ ನನ್ನದೇ ಮುಖ, ಸ್ಟಿರಾಯ್ಡ್ ಮಾತ್ರೆಗೆ ಊದಿ ಕುಂಬಳಕಾಯಿಯಾದದ್ದು.

ಬ್ಯಾಂಕಿನ ಮೇಡಂ ಹುಬ್ಬು ತಿದ್ದಿಸಲು ಬಂದಿದ್ದರು. ಮೈಕೈ ತುಂಬಿಕೊಂಡಿದ್ದೀರಿ, ಏನಾದರೂ ವಿಶೇಷವೇ ಎಂದು ನಗುತ್ತ ಕೇಳಿದರು. ಬಾಯಲ್ಲಿ ದಾರ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡಬೇಕಾಗಲಿಲ್ಲ. ಅವರ ಎಡಹುಬ್ಬನ್ನು ಬಲಕ್ಕಿಂತ ಒಂದೆಳೆ ತೆಳ್ಳಗೆ ಮಾಡಿ ಕಳಿಸಿದೆ. ಮನೆಗೆ ಹೋಗಿ ನೋಡಿಕೊಳ್ಳಲಿ, ವಿಶೇಷ ಕಾಣಿಸುತ್ತದೆ.

ಮನೆಗೆ ಬಂದರೆ, ಕೈ ತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಗೆ ದೊಡ್ಡಸೌಟು ಟವೆಲ್ ನೇತುಹಾಕಿದ್ದಾರೆ. ನನ್ನ ಮುಖ ಅವರಿಗೆ ಅಷ್ಟು ಅಸಹ್ಯವಾಯಿತೇ? ಕಿತ್ತು ನೆಲಕ್ಕೆಸೆದೆ. ಅವರು ಎತ್ತಿ ಮಡಿಸಿ ಒಳಗಿಟ್ಟರು.

ಮಾರ್ಚ್ 4

ಇವತ್ತು ಬೇಯಿಸಿದ ಹೂಕೋಸು ಮತ್ತು ಅನ್ನ. ಒದ್ದೆ ಹತ್ತಿಯನ್ನು ಅಗಿದ ಹಾಗಿತ್ತು. ನಿಂಬೆ ಹಿಂಡಿದ್ದರು, ಬೆಳ್ಳುಳ್ಳಿ ಹುರಿದು ಹಾಕಿದ್ದರು, ಏನೇನೋ ಸರ್ಕಸ್ಸು ಮಾಡಿದ್ದರು. ನಾನು ತಟ್ಟೆ ದೂಡಿದೆ.

"ಕ್ಯಾಂಟೀನಲ್ಲಿ ನಿಮ್ಮ ಅಡುಗೆ ಹೊಗಳ್ತಿದ್ರು ಅಂತೀರಲ್ಲ, ಅದು ನಿಮ್ಮ ಕೈರುಚಿ ಅಲ್ಲ ಅತ್ತೆ. ಉಪ್ಪಿನ ರುಚಿ. ಉಪ್ಪು ತೆಗೆದ್ರೆ ನೀವು ಏನೂ ಅಲ್ಲ."

ಆಡಿದ ಮೇಲೆ ನಾಲಿಗೆಗೆ ಸ್ವಲ್ಪ ರುಚಿ ಬಂತು. ಅವರು ತಮ್ಮ ಬಲಗೈಯನ್ನು ತಿರುಗಿಸಿ ಒಮ್ಮೆ ನೋಡಿಕೊಂಡರು. ಗಂಡ ಕುಪ್ಪಿ ಕೈಯಲ್ಲಿ ಹಿಡಿದು ಇಬ್ಬರ ನಡುವೆ ಕೂತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು, ಎರಡು ಮಹಡಿಯ ಮಧ್ಯೆ ಸಿಕ್ಕಿಕೊಂಡು ನಿಲ್ಲುವುದು ಅವನಿಗೇನೂ ಹೊಸದಲ್ಲ.

ನಾನು ಉಣ್ಣದೆ ಎದ್ದೆ, ಕೈ ತೊಳೆಯಲಿಲ್ಲ. ಹಾಗಾಗಿ ಅವರೂ ಉಣ್ಣಲಿಲ್ಲ. ಇದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಮಾರ್ಚ್ 7

ಇವತ್ತೂ ನಾನು ತಿನ್ನಲಿಲ್ಲ. ನಾನಾದರೂ ಪಾರ್ಲರಿನಲ್ಲಿ ಬಿಸ್ಕತ್ತು ತಿಂದಿರುತ್ತೇನೆ. ಅವರು ನೀರು ಕುಡಿದು ಮಲಗಿದರು. ನೋಡೋಣ.

ಮಾರ್ಚ್ 10

ದೊಡ್ಡಸೌಟು ಸೋತರು.

ಮಧ್ಯಾಹ್ನ ಪಾರ್ಲರಿಗೇ ಬಂದರು, ಕೈಯಲ್ಲಿ ಒಂದು ಪ್ಯಾಕೆಟ್, ಅದರ ಮೇಲೆ ಕೆಂಪು ಹೃದಯದ ಚಿತ್ರ. ಸೋಡಿಯಂ ಕಡಿಮೆ ಇರುವ ಉಪ್ಪಂತೆ. ಬಿಪಿ ಇರುವವರೆಲ್ಲ ಇದನ್ನೇ ಒಯ್ಯುತ್ತಾರೆ ಎಂದು ಅಂಗಡಿಯವನು ಹೇಳಿದನಂತೆ. ಅವರ ಮುಖ ಬಾಡಿ ಕಪ್ಪಿಟ್ಟಿತ್ತು. ನಿಂತೇ ಮಾತಾಡಿದರು, ಗಿರಾಕಿಗಳ ಕುರ್ಚಿಯಲ್ಲಿ ಕೂರಲಿಲ್ಲ.

"ಅಂಗಡಿಯೋನ ಮಾತು ನಂಬ್ಕೊಂಡು ಇದನ್ನ ಒಲೆ ಹತ್ರ ತರಲ್ಲ ಕಣಮ್ಮ. ನೀನು ಡಾಕ್ಟರಿಗೆ ಫೋನ್ ಮಾಡಿ ಕೇಳು. ಅವರು ಹೂಂ ಅಂದ್ರೆ ಮಾತ್ರ ಹಾಕ್ತೀನಿ."

ಕೇಳಿದರೆ ಡಾಕ್ಟರು ಏನನ್ನುತ್ತಾರೆ ಎಂದು ಯಾರಿಗೆ ಗೊತ್ತಿಲ್ಲ? ಉಪ್ಪು ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಬೇಡ ಎನ್ನುತ್ತಾರೆ. ಬೇಡ ಅನ್ನಿಸಿಕೊಳ್ಳಲಿಕ್ಕೆಂದೇ ಹೋಗಿ ಕೇಳುವುದು ದಡ್ಡರ ಕೆಲಸ. ಫೋನು ಹಿಡಿದು ಹಿಂದಿನ ಕೋಣೆಗೆ ಹೋದೆ. ವ್ಯಾಕ್ಸ್ ಕಾಯಿಸುವ ಪಾತ್ರೆಯನ್ನು ಆರಿಸಿದೆ, ಟವೆಲುಗಳನ್ನು ಮಡಿಸಿದೆ, ಈಚೆ ಬಂದೆ.

"ಕೇಳಿದೆ. ಆಗುತ್ತಂತೆ."

"ಡಾಕ್ಟರೇ ಹೇಳಿದ್ರಾ?"

"ಡಾಕ್ಟರೇ."

ಹಾಗಾದರೆ ಸರಿ ಎಂದು ಪ್ಯಾಕೆಟನ್ನು ಚೀಲಕ್ಕೆ ಹಾಕಿಕೊಂಡರು. ನಿಮ್ಮ ಮಗನಿಗೆ ಹೇಳಬೇಡಿ, ಸುಮ್ಮನೆ ಹೆದರಿ ರಾದ್ಧಾಂತ ಮಾಡುತ್ತಾನೆ ಎಂದೆ. ಅದಕ್ಕೂ ಸರಿ ಎಂದರು. ಹೋಗುವಾಗ ಅವರ ಚಪ್ಪಲಿಯ ಸದ್ದೇ ಬೇರೆ ಇತ್ತು, ಮದುವೆಮನೆಗೆ ಹೊರಟವರ ಹಾಗೆ.

ಮಾರ್ಚ್ 11

ಆಲೂಗಡ್ಡೆ ಸೂಪು. ಬಾಯಿಗಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಬರೆಯುತ್ತೇನೆ. ಕೊನೆಯಲ್ಲಿ ಚೂರು ಕಹಿ ಉಳಿಯುತ್ತದೆ, ಲೋಹ ನೆಕ್ಕಿದ ಹಾಗೆ. ಇರಲಿ. ಎರಡು ಬಟ್ಟಲು ಕುಡಿದೆ. ಗಂಡನಿಗೆ ಗೊತ್ತೇ ಆಗಲಿಲ್ಲ, ಅವನು ರುಚಿ ನೋಡುವ ಮೊದಲೇ ಕುಪ್ಪಿ ಅಲುಗಿಸುವವನು.

ಕೈ ತೊಳೆಯುವಾಗ ನಲ್ಲಿಯನ್ನು ಜೋರಾಗಿ ಬಿಟ್ಟೆ. ಒಳಗೆ ತಟ್ಟೆಯ ಸದ್ದಾಯಿತು.

ಏಪ್ರಿಲ್ 3

ಬರೆಯದೆ ಬಹಳ ದಿನವಾಯಿತು. ಉಣ್ಣುವವರಿಗೆ ಬರೆಯಲು ಪುರುಸೊತ್ತೆಲ್ಲಿ.

ಕಾಲಿನ ಬಾವು ಇಳಿಯುತ್ತಿದೆ. ಸಂಜೆ ಅತ್ತೆ ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ನೋಡುತ್ತಾರೆ. ಮೊದಲು ಒತ್ತಿದಲ್ಲಿ ಹಿಟ್ಟಿನ ಮುದ್ದೆಯ ಹಾಗೆ ಗುಳಿ ಬಿದ್ದು ಹಾಗೇ ಇರುತ್ತಿತ್ತು, ಈಗ ಬೇಗ ತುಂಬುತ್ತದೆ. ಪ್ರತಿಸಲವೂ "ಬಂತು ನೋಡು, ಮೇಲೆ ಬಂತು" ಎನ್ನುತ್ತಾರೆ, ತಾವೇ ಬೇಯಿಸಿ ಉಬ್ಬಿಸಿದ ಹಾಗೆ.

ಇವತ್ತು ಪಾರ್ಲರಿಗೆ ರಜೆ ಇತ್ತು. ಅವರನ್ನು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದೆ. ಗದ್ದದ ಮೇಲೆ ನಾಲ್ಕಾರು ಒರಟು ಕೂದಲು, ವರ್ಷಾನುಗಟ್ಟಲೆಯಿಂದ ನೋಡಿ ನನಗೆ ಸಾಕಾಗಿತ್ತು. ದಾರ ಹಾಕಿ ಕಿತ್ತಾಗ ಅಯ್ಯೋ ಎಂದು ಮಗುವಿನ ಹಾಗೆ ಕೂಗಿದರು. ಅಷ್ಟು ದೊಡ್ಡ ಒಲೆಗಳ ಮುಂದೆ ನಿಂತವರು ಒಂದು ದಾರಕ್ಕೆ ಹೆದರುತ್ತೀರಲ್ಲ ಎಂದು ನಾನು ನಕ್ಕೆ. ಅವರೂ ನಕ್ಕರು. ಮೊದಲ ದಿನ ಕ್ಯಾಂಟೀನಿನಲ್ಲಿ ಅನ್ನ ಸೀಯಿಸಿ, ಮೂಲೆಯಲ್ಲಿ ಕೂತು ಅತ್ತದ್ದನ್ನು ಹೇಳಿದರು. ಈ ಕಥೆಯನ್ನು ಮಗನಿಗೂ ಹೇಳಿರಲಿಲ್ಲವಂತೆ. ಹುಬ್ಬನ್ನೂ ತಿದ್ದಿದೆ, ಎರಡೂ ಸಮ. ಕನ್ನಡಿಯಲ್ಲಿ ನೋಡಿಕೊಂಡು, ಈ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ತೋರಿಸಲಿ ಎಂದರು. ಆಮೇಲೆ ದಾರಿಯುದ್ದಕ್ಕೂ ಅಂಗಡಿಗಳ ಗಾಜಿನಲ್ಲಿ ಇಣುಕುತ್ತ ಬಂದರು.

ಮುದುಕಿ ಕೆಟ್ಟವಳಲ್ಲ. ಆದರೆ ಹೊಗಳಿದರೆ ತಲೆಯ ಮೇಲೆ ಕೂರುತ್ತಾರೆ, ಅದಕ್ಕೇ ಹೊಗಳುವುದಿಲ್ಲ.

ಏಪ್ರಿಲ್ 12

ಮೂತ್ರದ ಪ್ರೋಟೀನು ಅರ್ಧಕ್ಕರ್ಧ ಇಳಿದಿದೆ. ನಿಮ್ಮ ಕಿಡ್ನಿ ಮಾತು ಕೇಳುತ್ತಿದೆ ಎಂದು ಡಾಕ್ಟರು ನಕ್ಕರು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಇನ್ನೊಂದು ಅಂಶ ಮಾತ್ರ ಸ್ವಲ್ಪ ಮೇಲಿದೆಯಂತೆ. ಬಿಪಿ ಮಾತ್ರೆಯಿಂದಲೂ ಇರಬಹುದು ಎಂದು ಅದನ್ನು ಕಡಿಮೆ ಮಾಡಿದರು. ಬಾಳೆಹಣ್ಣು, ಟೊಮೆಟೊ ಬಿಡಬೇಕು, ಆಲೂಗಡ್ಡೆಯನ್ನು ಬೇಯಿಸಿ ನೀರು ಚೆಲ್ಲಬೇಕು, ವಾರದಲ್ಲಿ ಮತ್ತೆ ರಕ್ತ ಕೊಡಬೇಕು. ಊಟದಲ್ಲಿ ಹೊಸದೇನಾದರೂ ಸೇರಿದೆಯೇ ಎಂದು ಕೇಳಿದರು.

ಏನೂ ಇಲ್ಲ ಎಂದೆ. ಗಂಡ ಪಕ್ಕದಲ್ಲೇ ಇದ್ದ.

ಅತ್ತೆಗೆ ಹೇಳಿದೆ. ಪಾಪ, ಆಲೂಗಡ್ಡೆಯನ್ನು ಎರಡೆರಡು ನೀರಿನಲ್ಲಿ ಬೇಯಿಸಿ ಚೆಲ್ಲುತ್ತಿದ್ದಾರೆ. ಸಾರವೆಲ್ಲ ಹೋಯಿತೆಂದು, ರುಚಿ ಕೂಡಿಸಲು ಆ ಉಪ್ಪನ್ನೇ ಒಂದು ಚಿಟಿಕೆ ಮೇಲೆ ಹಾಕುತ್ತಾರೆ.

ಏಪ್ರಿಲ್ 21

ರಕ್ತ ಕೊಡಲು ಹೋಗಲಿಲ್ಲ. ಗಿರಾಕಿಗಳು ಈಗಷ್ಟೇ ಮರಳುತ್ತಿದ್ದಾರೆ.

ಇವತ್ತು ದಾರ ಹಿಡಿದ ಕೈ ಮೇಲೇಳಲೇ ಇಲ್ಲ. ಕಾಲೂ ನೆನೆದ ಮರಳಿನ ಚೀಲದ ಹಾಗೆ. ಎದೆ ಒಂದು ಸಲ ಬಡಿದು, ಇನ್ನೊಂದು ಸಲ ಬಡಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮನೆಗೆ ಬಂದು ಮಲಗಿದೆ. ಸೂಪು ಕುಡಿದರೆ ಶಕ್ತಿ ಬರುತ್ತದೆ ಎಂದು ಅವರು ಚಮಚದಲ್ಲಿ ಕುಡಿಸಿದರು. ಪೂರ್ತಿ ಕುಡಿದೆ.

ಮೇ 3

ಆಸ್ಪತ್ರೆ. ಇವತ್ತು ಬರೆಯಲು ಕೈ ಬಂದಿದೆ.

ಸೂಪು ಕುಡಿದ ಆ ಸಂಜೆಯೇ ನನ್ನ ಹೃದಯ ನಿಂತಿತ್ತಂತೆ. ಗಂಡ ಆಸ್ಪತ್ರೆಯ ಬಾಗಿಲಿಗೆ ತಂದು ಹಾಕುವುದಕ್ಕೂ ಅದು ನಿಲ್ಲುವುದಕ್ಕೂ ಸರಿಹೋಯಿತಂತೆ. ಎದೆ ಒತ್ತಿ ಒತ್ತಿ ಎಬ್ಬಿಸಿದರು, ಒಂದು ಪಕ್ಕೆಲುಬು ಬಿರುಕು ಬಿಟ್ಟಿದೆ. ಕುತ್ತಿಗೆಗೆ ಕೊಳವೆ ತೂರಿಸಿ ಡಯಾಲಿಸಿಸ್ ಮಾಡುತ್ತಿದ್ದಾರೆ. ಸುಧಾರಿಸುತ್ತಿದ್ದ ಕಿಡ್ನಿಗಳು ಆ ಹೊತ್ತು ರಕ್ತ ಸಿಗದೆ ಮುದುಡಿವೆಯಂತೆ. ಮತ್ತೆ ಎಚ್ಚರಗೊಳ್ಳಬಹುದು, ಎಚ್ಚರಗೊಳ್ಳದೆಯೂ ಇರಬಹುದು. ಮೂತ್ರ ಹನಿಯಷ್ಟು.

ಅಡುಗೆಮನೆಯಲ್ಲಿರುವುದನ್ನೆಲ್ಲ ತನ್ನಿ ಎಂದು ಡಾಕ್ಟರು ಹೇಳಿದ್ದರು. ಗಂಡ ಚೀಲ ತುಂಬ ತಂದು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಹರಡಿದ. ಡಾಕ್ಟರು ಆ ಹೃದಯದ ಚಿತ್ರದ ಪ್ಯಾಕೆಟ್ ಎತ್ತಿದರು.

"ಇದರಲ್ಲಿ ಸೋಡಿಯಂ ತೆಗೆದು ಪೊಟ್ಯಾಸಿಯಂ ತುಂಬಿರ್ತಾರೆ. ಕಿಡ್ನಿ ಸರಿ ಇರೋರಿಗೆ ಪರವಾಗಿಲ್ಲ, ಇವರಿಗೆ ವಿಷ, ರಕ್ತದಲ್ಲಿ ಏರಿ ಹೃದಯನೇ ನಿಲ್ಸುತ್ತೆ. ಯಾರು ಹಾಕಿದ್ದು? ಒಂದು ಫೋನ್ ಮಾಡಿ ಕೇಳೋಕಾಗ್ಲಿಲ್ವಾ?"

ಅತ್ತೆ ಬಾಗಿಲ ಬಳಿ ನಿಂತಿದ್ದರು. ಡಾಕ್ಟರನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ನಿದ್ದೆ ಎಳೆಯುತ್ತಿತ್ತು, ಕಣ್ಣು ಮುಚ್ಚಿಕೊಂಡೆ.

"ನಾನೇ ಹಾಕಿದ್ದು" ಎಂದ ದನಿ ಕೇಳಿಸಿತು.

ಸುಳ್ಳೇನೂ ಅಲ್ಲವಲ್ಲ. ಕೊಂಡು ತಂದವರು ಅವರು, ಹಾಕಿದವರೂ ಅವರು.

ಮೇ 6

ಗಂಡ ಮೊದಲ ಸಲ ತಾಯಿಯ ಮೇಲೆ ದನಿ ಎತ್ತಿದ್ದಾನೆ, ಅದೂ ಆಸ್ಪತ್ರೆಯ ಮೆಟ್ಟಿಲ ಮೇಲೆ, ಜನರ ಎದುರು. ಅಷ್ಟು ವರ್ಷ ಅಡುಗೆ ಮಾಡಿದ ಜಂಬ, ಯಾರನ್ನೂ ಕೇಳದೆ ಕೊಂದುಬಿಡುತ್ತಿದ್ದೆಯಲ್ಲ ಎಂದನಂತೆ. ಅವನೇ ಬಂದು ಹೇಳಿ ಅತ್ತ. ನಾನು ಅವನ ತಲೆ ಸವರಿದೆ. ವಯಸ್ಸಾದವರು, ಗೊತ್ತಾಗದೆ ಮಾಡಿದ್ದಾರೆ ಬಿಡು ಎಂದೆ. ನಿನ್ನದು ಎಷ್ಟು ದೊಡ್ಡ ಮನಸ್ಸು ಎಂದ.

ಮುದುಕಿ ಈಗ ಬಾಯಿ ಬಿಡುತ್ತಾರೆ, ಆಗ ಬಾಯಿ ಬಿಡುತ್ತಾರೆ ಎಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಅವತ್ತು ಮಾತ್ರೆಯ ಮಂಪರಿನಲ್ಲಿ ಏನು ಹೇಳಿದೆನೋ ನೆನಪಿಲ್ಲ ಅನ್ನಬಹುದು. ನೀವೇ ತಪ್ಪಾಗಿ ತಿಳಿದಿರಿ ಅನ್ನಬಹುದು. ಅವರು ಬಾಯಿ ಬಿಡುತ್ತಿಲ್ಲ. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು, ನಾಲ್ಕು ಮಾತಾಡಿ ಮುಗಿಸಬಹುದಿತ್ತು.

ಮೇ 13

ಮನೆಗೆ ಬಂದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅತ್ತೆ ಅಡುಗೆಮನೆಗೆ ಕಾಲಿಡಬಾರದೆಂದು ಗಂಡ ಕಟ್ಟಪ್ಪಣೆ ಮಾಡಿದ್ದಾನೆ. ಹಾಲ್‌ನಲ್ಲಿ ಕುರ್ಚಿಯ ತುದಿಯಲ್ಲಿ ಕೂತಿರುತ್ತಾರೆ, ಯಾರದೋ ಮನೆಗೆ ಬಂದವರ ಹಾಗೆ. ಅವನು ಬೇಯಿಸಿ ಬಡಿಸುತ್ತಾನೆ. ಅವರಿಗೆ ಈಗ ಮೊದಲೇ ಬಡಿಸಿಬಿಡುತ್ತಾನೆ. ನಾನು ಕೈ ತೊಳೆದು ಬರುವವರೆಗೆ ಅವರ ತಟ್ಟೆ ಹಾಗೇ ಇರುತ್ತದೆ.

ಅವರ ಹುಬ್ಬು ಬೆಳೆದು ಅಡ್ಡಾದಿಡ್ಡಿಯಾಗಿದೆ. ನೋಡಲಾಗುವುದಿಲ್ಲ. ಕರೆದು ತಿದ್ದೋಣ ಎಂದುಕೊಂಡೆ, ಕೈಯಲ್ಲಿ ಶಕ್ತಿಯಿಲ್ಲ.

ಮೇ 18

ಅತ್ತೆಯನ್ನು ಇವತ್ತು ನಾದಿನಿಯ ಊರಿಗೆ ಕಳಿಸಿದ. ಕೆಲವು ದಿನಕ್ಕೆ ಎಂದು ಹೇಳಿದ್ದಾನೆ. ಆದರೆ ಟ್ರಂಕನ್ನೂ ಗಾಡಿಗೆ ಏರಿಸಿದ್ದಾನೆ. ಇರಲಿ ಬಿಡು ಎಂದು ನಾನು ಹೇಳಬಹುದಿತ್ತು. ನಾನು ಹೇಳಿದರೆ ಅವನು ಕೇಳುತ್ತಾನೆ. ಆದರೆ ದಿನಾ ಎದುರಿಗೆ ಆ ಮುಖ ನೋಡುತ್ತ ಕೂರುವುದು ನನ್ನ ಆರೋಗ್ಯಕ್ಕೆ ಒಳ್ಳೆಯದಲ್ಲ.

ಅವನು ಗಾಡಿಯ ಬಳಿ ಹೋದಾಗ ಅವರು ನನ್ನ ಹಾಸಿಗೆಯ ಪಕ್ಕ ಬಂದು ಕೂತರು. ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದರು. ಗುಳಿ ಬಿತ್ತು. ಕಾದರು. ಅದು ಮೇಲೆ ಬರಲಿಲ್ಲ. ಬಂತು ಎಂಬ ಹಾಗೆ ಅದರ ಮೇಲೆ ಕೈ ಸವರಿದರು. ನಾನು ಸಿದ್ಧ ಮಾಡಿಟ್ಟ ಉತ್ತರಗಳನ್ನೆಲ್ಲ ಬಾಯಿಗೆ ತಂದುಕೊಂಡು ಕಾಯುತ್ತಿದ್ದೆ.

"ನೋಡಮ್ಮ, ಆ ಡಾಕ್ಟರು ಫೋನಲ್ಲಿ ಆಗುತ್ತೆ ಅಂದಿದ್ದನ್ನ ನಾನು ಯಾರಿಗೂ ಹೇಳಿಲ್ಲ" ಎಂದರು. "ದೊಡ್ಡೋರು, ತಪ್ಪಾಯ್ತು ಅಂತ ಒಪ್ಕೊಳ್ತಾರಾ? ನನ್ನೆದುರೇ, ಫೋನ್ ಮಾಡಿ ಕೇಳೋಕಾಗ್ಲಿಲ್ವಾ ಅಂದ್ರು ನೋಡು. ಅವರ ತಪ್ಪು ಹಿಡಿದ್ರೆ ನಾಳೆ ನಿನ್ನ ಯಾರು ನೋಡ್ತಾರೆ? ನಿನ್ನ ಜೀವ ಅವರ ಕೈಲಿದೆ. ನನ್ನ ಮೇಲೇ ಇರ್ಲಿ. ನೀನೂ ಬಾಯಿ ತಪ್ಪಿ ಎಲ್ಲೂ ಹೇಳ್ಬೇಡ."

ಪಾದವನ್ನು ಹೊದಿಕೆಯೊಳಗೆ ಎಳೆದುಕೊಂಡೆ.

"ಇಲ್ಲ ಅತ್ತೆ. ಹೇಳಲ್ಲ" ಎಂದೆ.

ಜಾಣೆ ಎಂದು ಕೆನ್ನೆ ತಟ್ಟಿ ಎದ್ದರು. ಹೋಗುವ ಮುಂಚೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಸುರಿದ ಸದ್ದು ಕೇಳಿಸಿತು. ಕಮೋಡು ತೊಳೆದು ಹೊರಟರು.

ಮೇ 22

ಊಟ ಸಪ್ಪೆ. ಕೈ ತೊಳೆಯುವಾಗ ನಲ್ಲಿಯನ್ನು ಯಾಕೆ ಅಷ್ಟು ಜೋರಾಗಿ ಬಿಡುತ್ತೀ, ನೀರು ಪೋಲಾಗುತ್ತದೆ ಎಂದು ಗಂಡ ಗದರಿದ.

ಮೇ 29

ಬೆಳಿಗ್ಗೆ ಮೂತ್ರ ಬಂತು. ಹನಿಯಲ್ಲ, ಮೊದಲಿನ ಹಾಗೆ ಧಾರಾಳವಾಗಿ. ಡಾಕ್ಟರು ಇದಕ್ಕೇ ಕಾಯುತ್ತಿದ್ದರು. ಕಿಡ್ನಿ ಎಚ್ಚರಗೊಂಡರೆ ಮೊದಲು ಇದೇ ಗೊತ್ತಾಗುವುದು ಎಂದಿದ್ದರು. ಕೂತಲ್ಲೇ ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟೆ. ಯಾರನ್ನಾದರೂ ಕೂಗಿ ಹೇಳಬೇಕೆನಿಸಿತು. ಬಂತು ನೋಡಿ, ಬಂತು ಎಂದು.

ಎದ್ದು ತಿರುಗಿ ನೋಡಿದೆ. ಕಮೋಡಿನ ತುಂಬ ನೊರೆ. ನೀರು ಬಿಟ್ಟೆ. ಅಂಚಿಗೆ ಅಂಟಿಕೊಂಡು ಅಲ್ಲೇ ನಿಂತಿತು. ಇನ್ನೊಮ್ಮೆ ಬಿಟ್ಟೆ. ಹೋಗಲಿಲ್ಲ.

ಬಾಗಿಲಾಚೆಯಿಂದ ಗಂಡ, ಏನಾಯಿತು, ಯಾಕೆ ಅಳುತ್ತಿದ್ದೀಯ ಎಂದು ಕೇಳಿದ. ಬಾಗಿಲು ತೆರೆದೆ.

"ನಿಮ್ಮಮ್ಮ ಹೋಗೋ ಮುಂಚೆ ಸರಿಯಾಗಿ ತೊಳೆದು ಹೋಗಿಲ್ಲ. ನೋಡು ಬಾ, ಇನ್ನೂ ಸೋಪು ಹಾಗೇ ಇದೆ."

ಅವನು ಒಳಗೆ ಬಂದು ನೊರೆಯನ್ನು ನೋಡಿದ. ನನ್ನ ಮುಖ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಡಾಕ್ಟರು ನೊರೆಯ ವಿಷಯ ಕೇಳಿದ ದಿನ ಅವನೂ ಅಲ್ಲೇ ಕೂತಿದ್ದ. ಬ್ರಷ್ ತೆಗೆದುಕೊಂಡು ಬಗ್ಗಿ ಉಜ್ಜಿದ, ಎರಡು ಬಕೆಟ್ ನೀರು ಸುರಿದ. ಅಮ್ಮನಿಗೆ ಮೊದಲಿನಿಂದಲೂ ಇದು ಸರಿಯಾಗಿ ಬರುತ್ತಿರಲಿಲ್ಲ ಎಂದ.

ಈಗ ಹೊಳೆಯುತ್ತಿದೆ.